ಪಂಕ್ತಿಯ ಅಗಲ

ದೊಡ್ಡ ಪ್ರಶ್ನೆಗಳು ದೊಡ್ಡ ಗ್ರಂಥಗಳಲ್ಲೇ ಇರುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಧರ್ಮವೇನು, ನ್ಯಾಯವೇನು ಎಂದು ತಿಳಿಯಬೇಕಾದರೆ ಉಪನಿಷತ್ತನ್ನೋ ಗೀತೆಯನ್ನೋ ತೆರೆಯಬೇಕು. ಮನೆಯ ಜಗುಲಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಕಚೇರಿಯ ಮೇಜಿನ ಮುಂದೆ ಅಂಥ ಪ್ರಶ್ನೆ ಎದುರಾದರೆ ನಾವು ಅದನ್ನು ಪ್ರಶ್ನೆಯೆಂದೇ ಗುರುತಿಸುವುದಿಲ್ಲ. ಆದರೆ ಮನುಷ್ಯನ ನಡತೆಗೆ ಸಂಬಂಧಪಟ್ಟ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಂಥ ಸಣ್ಣ ಎಡೆಗಳಲ್ಲಿಯೇ. ಅವುಗಳಲ್ಲೊಂದು ಜಾಗದ ಪ್ರಶ್ನೆ. ಒಬ್ಬನಿಗೆ ಎಷ್ಟು ಜಾಗ ಸಲ್ಲಬೇಕು? ಅವನಿಗೆ ಬೇಕಾದಷ್ಟೇ, ಅಥವಾ ಇರುವಷ್ಟೂ? ಈ ಪ್ರಶ್ನೆಯನ್ನು ಈಚೆಗೆ ನನ್ನ ಮುಂದೆ ತಂದಿಟ್ಟದ್ದು ಯಾವ ವೇದಾಂತಿಯೂ ಅಲ್ಲ, ಗಣಕಯಂತ್ರದ ಪರದೆಯ ಮೇಲಿನ ಒಂದು ಪಟ್ಟಿ ಎಂದರೆ ಓದುಗರು ನಗಬಹುದು. ನಗಲಿ, ನಕ್ಕಮೇಲೆ ಸ್ವಲ್ಪ ಹೊತ್ತು ನನ್ನ ಜೊತೆ ಕುಳಿತು ಆ ಪಟ್ಟಿಯನ್ನು ನೋಡಿದರೆ ಸಾಕು.

ನಾನು ಸಂತೇಬೆನ್ನೂರಿನವನು, ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಗಣಕಯಂತ್ರಕ್ಕೂ ನನಗೂ ಇರುವ ನಂಟು ಬಸ್‌ನಿಲ್ದಾಣದ ಅಂಗಡಿಯವನಿಗೂ ಬಸ್ಸಿಗೂ ಇರುವಂಥದು: ದಿನವೂ ನೋಡುತ್ತೇನೆ, ಓಡಿಸಲು ಬಾರದು. ನನ್ನಲ್ಲಿ ಓದಿದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಿದ್ದಾಗ, ತರಗತಿಯ ಅಂಕಗಳನ್ನು ಇಟ್ಟುಕೊಳ್ಳಲು ನನಗೊಂದು ಸಣ್ಣ ಪ್ರೋಗ್ರಾಂ ಬರೆದುಕೊಡತೊಡಗಿದ. ಎಡಕ್ಕೆ ವಿದ್ಯಾರ್ಥಿಯ ಹೆಸರು, ಬಲದ ಅಂಚಿಗೆ ಅಂಕ, ಎರಡರ ಹಿಂದೆಯೂ ತಿಳಿಬಣ್ಣದ ಒಂದು ಪಟ್ಟೆ. ಇದು ಅವನ ಎಣಿಕೆ. ಅರ್ಧ ಕೆಲಸವಾದಾಗ ಪರದೆಯನ್ನು ನನ್ನ ಕಡೆ ತಿರುಗಿಸಿದ. "ಉಮಾ" ಎಂಬ ಹೆಸರಿನ ಪಟ್ಟೆ ಎರಡು ಬೆರಳಗಲ. ಅವಳ ಅಂಕ ಹೆಸರಿನ ಬೆನ್ನಿಗೇ ಅಂಟಿಕೊಂಡಿತ್ತು. "ಚಂದ್ರಶೇಖರಯ್ಯ" ಎಂಬ ಹೆಸರಿನ ಪಟ್ಟೆ ಅದಕ್ಕಿಂತ ಎಷ್ಟೋ ಉದ್ದ. ಅವನ ಅಂಕ ಇನ್ನೆಲ್ಲೋ ದೂರದಲ್ಲಿ. ಅಂಕಗಳು ಒಂದರ ಕೆಳಗೊಂದು ಬಾರದೆ, ಇಡೀ ಪಟ್ಟಿ ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತಿತ್ತು. ಬಲಕ್ಕೆ ಅರ್ಧ ಪರದೆ ಬರಿದಾಗಿತ್ತು.

"ಇಷ್ಟೊಂದು ಜಾಗ ಇಟ್ಟುಕೊಂಡು ಇವು ಯಾಕಪ್ಪ ಹೀಗೆ ಮುದುಡಿಕೊಂಡಿವೆ?" ಎಂದು ಕೇಳಿದೆ.

"ಪ್ರತಿ ಸಾಲೂ ತನಗೆ ಎಷ್ಟು ಬೇಕೋ ಅಷ್ಟೇ ತಗೊಂಡಿದೆ ಸರ್. ಜಾಗ ಇದೆ, ಆದ್ರೆ ಪೂರ್ತಿ ತಗೊಳ್ಳಿ ಅಂತ ನಾನಿನ್ನೂ ಹೇಳಿಲ್ಲ" ಎಂದ.

ಅವನು ಬಳಸುತ್ತಿದ್ದುದು ಮೈಕ್ರೋಸಾಫ್ಟ್ ಕಂಪನಿಯವರು ೨೦೦೬ರಲ್ಲಿ ಹೊರತಂದ ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಶನ್ ಎಂಬ ಸಲಕರಣೆ. ಅದರಲ್ಲಿ ಪರದೆಯ ಮೇಲೆ ವಸ್ತುಗಳನ್ನು ಹೊಂದಿಸುವುದು ಎರಡು ಸುತ್ತಿನಲ್ಲಿ ನಡೆಯುತ್ತದೆಯಂತೆ. ಮೊದಲ ಸುತ್ತು ಅಳತೆಯದು. ಹೊರಗಿನ ಪೆಟ್ಟಿಗೆ ತನ್ನೊಳಗಿನ ಒಂದೊಂದು ವಸ್ತುವನ್ನೂ "ಇಲ್ಲಿ ಇಷ್ಟು ಜಾಗವಿದೆ, ನಿನಗೆಷ್ಟು ಬೇಕು?" ಎಂದು ಕೇಳುತ್ತದೆ, ವಸ್ತು ತನ್ನ ಬೇಡಿಕೆಯನ್ನು ಹೇಳುತ್ತದೆ. ಎರಡನೆಯ ಸುತ್ತು ಹಂಚಿಕೆಯದು. ಆಗ ಪೆಟ್ಟಿಗೆ ಒಬ್ಬೊಬ್ಬರ ಸ್ಥಾನವನ್ನು ನಿಶ್ಚಯಿಸುತ್ತದೆ. ಪಟ್ಟಿಯ ವಿಷಯದಲ್ಲಿ, ಬೇರೆ ಅಪ್ಪಣೆ ಇಲ್ಲದಿದ್ದರೆ, ಸಾಲಿನೊಳಗಿನ ಬರಹಕ್ಕೆ ಸಿಕ್ಕುವುದು ಅದು ಕೇಳಿದಷ್ಟೇ ಅಗಲ, ಅದೂ ಎಡಕ್ಕೆ ಒತ್ತಿಕೊಂಡು. ಅದು ಯಂತ್ರದ ದೋಷವಲ್ಲ, ಅದರ ರೂಢಿ. ನನ್ನ ಶಿಷ್ಯ "ಎಡಕ್ಕೆ" ಎಂಬ ಆ ರೂಢಿಯನ್ನು ತೆಗೆದು "ಸ್ಟ್ರೆಚ್", ಅಂದರೆ ಇರುವಷ್ಟೂ ಅಗಲಕ್ಕೆ ಹರಡು, ಎಂಬ ಒಂದೇ ಮಾತನ್ನು ಬರೆದ. ಪಟ್ಟಿ ನೆಟ್ಟಗಾಯಿತು. "ಉಮಾ" ಎಂಬ ಹೆಸರು ಮೊದಲಿನಷ್ಟೇ ಚಿಕ್ಕದಾಗಿತ್ತು. ಆದರೆ ಅವಳ ಪಟ್ಟೆ ಈಗ ಚಂದ್ರಶೇಖರಯ್ಯನ ಪಟ್ಟೆಯಷ್ಟೇ ಅಗಲ, ಅವಳ ಅಂಕ ಅವನ ಅಂಕದ ನೇರಕ್ಕೇ ನಿಂತಿತ್ತು.

ಯಂತ್ರದ ಕಥೆ ಇಷ್ಟೇ. ನನ್ನನ್ನು ಕಾಡಿದ್ದು ಅದರ ಹಿಂದಿನ ನ್ಯಾಯ. ಕೇಳಿದಷ್ಟು ಕೊಡುವುದು ಒಂದು ನ್ಯಾಯ. ಕೇಳಿದ್ದು ಎಷ್ಟೇ ಇರಲಿ, ಎಲ್ಲರಿಗೂ ಸಾಲಿನ ಪೂರ್ತಿ ಅಗಲವನ್ನು ಕೊಡುವುದು ಇನ್ನೊಂದು ನ್ಯಾಯ. ಇವೆರಡರಲ್ಲಿ ಯಾವುದು ಮೇಲು?

ಮೊದಲನೆಯ ನ್ಯಾಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವವನನ್ನು ನಾವು ಸಜ್ಜನ ಎನ್ನುತ್ತೇವೆ. ಮೂವರ ಸೀಟಿನಲ್ಲಿ ಒಬ್ಬನೇ ಕಾಲು ಅಗಲಿಸಿ ಕುಳಿತವನನ್ನು ಕಂಡರೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ನಮ್ಮ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಅದು ಒಳ್ಳೆಯ ಮಾತೇ. ಆದರೆ ಅದನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಅದು ಕಾಲಿಗೆ ಬುದ್ಧಿ ಹೇಳುತ್ತದೆಯೇ ಹೊರತು ಹಾಸಿಗೆಯ ವಿಷಯವನ್ನು ಎತ್ತುವುದೇ ಇಲ್ಲ. ಹಾಸಿಗೆಯನ್ನು ಹಾಸಿದವರು ಯಾರು? ಒಬ್ಬನಿಗೆ ಆರಡಿ, ಇನ್ನೊಬ್ಬನಿಗೆ ಮೂರಡಿ ಹಾಸಿದ್ದರೆ, ಮೂರಡಿಯವನು ಮಂಡಿ ಮಡಚಿ ಮಲಗುವುದನ್ನು ಅವನ ಸಂಯಮವೆಂದು ಹೊಗಳುವುದು ಎಷ್ಟು ಸರಿ? ಮಲಗುವವನಿಗೆ ಹೇಳಬೇಕಾದ ನೀತಿ ಬೇರೆ, ಹಾಸುವವನಿಗೆ ಹೇಳಬೇಕಾದ ನೀತಿ ಬೇರೆ. ಗಾದೆ ಮೊದಲನೆಯದನ್ನು ಹೇಳಿತು. ಎರಡನೆಯದನ್ನು ನಮಗೆ ಬಿಟ್ಟಿತು.

"ಅವರವರಿಗೆ ಎಷ್ಟು ಬೇಕೆಂದು ಅವರನ್ನೇ ಕೇಳಿದೆವಲ್ಲ, ಇನ್ನೇನು ಅನ್ಯಾಯ?" ಎಂದು ಯಾರಾದರೂ ಕೇಳಬಹುದು. ಕಷ್ಟವಿರುವುದೇ ಇಲ್ಲಿ. ಕೇಳುವ ಧೈರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಬಂದಿರುವುದಿಲ್ಲ. ಕಡಮೆ ಕೇಳುವುದನ್ನೇ ಗುಣವೆಂದು ಕಲಿಸಿ ಬೆಳೆಸಿದವರನ್ನು "ನಿಮಗೆಷ್ಟು ಬೇಕು?" ಎಂದು ಕೇಳಿದರೆ ಅವರು ಕಡಮೆಯನ್ನೇ ಹೇಳುತ್ತಾರೆ. ೧೯೫೧–೫೨ರಲ್ಲಿ ನಮ್ಮ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಸುಕುಮಾರ ಸೇನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. ಮತದಾರರ ಪಟ್ಟಿ ತಯಾರಿಸುವಾಗ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಎಷ್ಟೋ ಹೆಂಗಸರು ತಮ್ಮ ಹೆಸರನ್ನು ಹೇಳಲು ಒಪ್ಪದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದನ್ನು ಆಯೋಗ ಒಪ್ಪಲಿಲ್ಲ. ಸುಮಾರು ೮ ಕೋಟಿ ಮಹಿಳಾ ಮತದಾರರಲ್ಲಿ ೨೮ ಲಕ್ಷದಷ್ಟು ಮಂದಿ ಪಟ್ಟಿಯಿಂದ ಹೊರಗುಳಿದರು. ತೆತ್ತ ಬೆಲೆ ದೊಡ್ಡದು. ಆದರೂ ಆಯೋಗ ಹಿಡಿದ ತತ್ತ್ವದಲ್ಲಿ ಒಂದು ಘನತೆಯಿದೆ. ಪಟ್ಟಿಯ ಒಂದು ಸಾಲು ಒಬ್ಬ ಮನುಷ್ಯನದು. ಇನ್ನೊಬ್ಬನ ಸಾಲಿನ ಬಾಲವಾಗಿ ಯಾರೂ ಅಲ್ಲಿ ಇರಕೂಡದು ಎಂಬುದು ಆ ತತ್ತ್ವ. ಹೆಸರನ್ನೂ ಕೇಳಿಕೊಳ್ಳದ ಆ ತಾಯಂದಿರ "ನಮಗಿಷ್ಟೇ ಸಾಕು" ಎಂಬ ಉತ್ತರವನ್ನು ಅವರ ನಿಜವಾದ ಅಗತ್ಯವೆಂದು ನಂಬುವುದಾದರೆ, ಲೋಕದಲ್ಲಿ ಅನ್ಯಾಯವೆಂಬುದೇ ಉಳಿಯುವುದಿಲ್ಲ.

ಎರಡನೆಯ ನ್ಯಾಯಕ್ಕೆ ನಮ್ಮ ಭಾಷೆಯಲ್ಲಿ ಹಳೆಯದೊಂದು ಹೆಸರೇ ಇದೆ. ಬರಹದ ಸಾಲನ್ನು ಪಂಕ್ತಿ ಎನ್ನುತ್ತೇವೆ. ಊಟಕ್ಕೆ ಕುಳಿತವರ ಸಾಲನ್ನೂ ಪಂಕ್ತಿ ಎನ್ನುತ್ತೇವೆ. ಊಟದ ಸಾಲಿನಲ್ಲಿ ಒಬ್ಬರಿಗೊಂದು ಒಬ್ಬರಿಗೊಂದು ಮಾಡುವುದಕ್ಕೆ ಪಂಕ್ತಿಭೇದ ಎಂದು ಹೆಸರು. ಅದನ್ನು ಪಾಪವೆಂದು ಎಣಿಸಿದ್ದೇವೆ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಔದಾರ್ಯ ನಮ್ಮ ಸಮಾಜಕ್ಕೆ ಇರಲಿಲ್ಲವೆಂಬುದೂ ನಿಜ. ಆ ಲಜ್ಜೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕೂರಿಸಿದ ಪಂಕ್ತಿಯ ಒಳಗೆ ನಡೆಯುವುದನ್ನು ನೋಡಿ. ಎಲೆ ಹಾಕುವವನು "ನಿಮಗೆಷ್ಟು ಹಸಿವು?" ಎಂದು ಕೇಳಿಕೊಂಡು, ಕಡಮೆ ಉಣ್ಣುವವರಿಗೆ ಎಲೆಯನ್ನು ಹರಿದು ಅರ್ಧ ಹಾಕುವುದಿಲ್ಲ. ಮೊದಲು ಎಲ್ಲರ ಮುಂದೆಯೂ ಎಲೆ ಬೀಳುತ್ತದೆ. ಹಸಿವನ್ನು ವಿಚಾರಿಸುವುದು ಆಮೇಲೆ, ಬಡಿಸುವಾಗ. ಕೈಯಡ್ಡ ಹಿಡಿದವನಿಗೆ ಬಲವಂತವಿಲ್ಲ. ಇನ್ನೊಂದು ಸೌಟು ಬೇಕೆಂದವನಿಗೆ ಸಂಕೋಚವಿಲ್ಲ. ಎಲೆ ಸಮಾನ, ಬಡಿಸುವುದು ಹಸಿವಿನಂತೆ. ಅನ್ನವನ್ನೂ ಸಮವಾಗಿ ಸುರಿದರೆ ಅದು ಸಮಾನತೆಯಲ್ಲ, ದಂಡ; ಎಲೆಯನ್ನೂ ಹಸಿವಿನಂತೆ ಹರಿದರೆ ಅದು ಮಿತವ್ಯಯವಲ್ಲ, ಅವಮಾನ. ನನ್ನ ಶಿಷ್ಯ ಬರೆದ ಒಂದು ಮಾತು ಮಾಡಿದ್ದೂ ಇದನ್ನೇ. ಅವನು ಉಮಾ ಎಂಬ ಅಕ್ಷರಗಳನ್ನು ಹಿಗ್ಗಿಸಲಿಲ್ಲ; ಅವಳ ಎಲೆಯನ್ನು ಪೂರ್ತಿ ಹಾಸಿದ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಜಾಗ ಕೊಟ್ಟರೆ ಮನುಷ್ಯ ಅದನ್ನು ತುಂಬಿಯೇ ತುಂಬುತ್ತಾನೆ. ಆದ್ದರಿಂದ ಕೊಡದಿರುವುದೇ ಲೇಸು ಎಂಬುದು ಅದು. ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕ ೧೯೫೫ರಲ್ಲಿ ಇದನ್ನೇ ಒಂದು ನಿಯಮವನ್ನಾಗಿ ಮಾಡಿ ಲೋಕವನ್ನು ನಗಿಸಿದ: ಕೆಲಸವು ತನಗಾಗಿ ಎಷ್ಟು ಹೊತ್ತು ಇದೆಯೋ ಅಷ್ಟನ್ನೂ ತುಂಬಿಕೊಳ್ಳುತ್ತದೆ ಎಂದು. ನಮ್ಮ ಸಭೆಗಳಲ್ಲಿ ಭಾಷಣ ಕೇಳಿದವರು ಯಾರೂ ಈ ನಿಯಮವನ್ನು ಅಲ್ಲಗಳೆಯಲಾರರು. ಆದರೆ ಪಾರ್ಕಿನ್ಸನ್ನನು ನಗುವುದು ತುಂಬುವವನನ್ನು ನೋಡಿ. ನಾನು ಹೇಳುತ್ತಿರುವುದು ಕೊಡುವವನ ಮಾತು. ಪೂರ್ತಿ ಎಲೆ ಹಾಕಿಸಿಕೊಂಡವನು ಅದರ ಅಂಚಿನವರೆಗೂ ಅನ್ನ ಗುಡ್ಡೆ ಹಾಕಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬರಿದಾಗಿ ಉಳಿದ ಎಲೆಯೂ ಅವನ ಎಲೆಯೇ.

ಬರಿದಾದ ಜಾಗ ವ್ಯರ್ಥವಲ್ಲವೆಂಬುದನ್ನು ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರು ಬಲ್ಲರು. ಒಂದು ಪ್ಯಾರಾ ಮುಗಿಯುವ ಕಡೆಯ ಸಾಲಿನಲ್ಲಿ ಒಂದೇ ಒಂದು ಶಬ್ದ ಉಳಿದಿದೆ ಎನ್ನಿ. ಓದುವ ನಮ್ಮ ಕಣ್ಣಿಗೆ ಅದರ ಮುಂದೆ ಬಿಳಿಯ ಕಾಗದ, ಅಷ್ಟೆ. ಜೋಡಿಸುವವನಿಗೆ ಹಾಗಲ್ಲ. ಆ ಶಬ್ದದ ಮುಂದೆ ಸಾಲಿನ ಅಂಚಿನವರೆಗೂ ಅವನು ಸೀಸದ ಬೋಳು ತುಂಡುಗಳನ್ನು ಇಡುತ್ತಿದ್ದ. ಅವು ಅಕ್ಷರದ ಮೊಳೆಗಳಿಗಿಂತ ತಗ್ಗು. ಮಸಿ ತಾಗದು, ಕಾಗದದ ಮೇಲೆ ಮೂಡವು. ಆದರೆ ಅವನ್ನು ಇಡದೆ ಬಿಟ್ಟರೆ, ಚೌಕಟ್ಟನ್ನು ಬಿಗಿದು ಎತ್ತುವಾಗ ಆ ಸಾಲು ಸಡಿಲಾಗಿ, ಅದರೊಡನೆ ಪುಟದ ಮೊಳೆಗಳೂ ಉದುರುತ್ತಿದ್ದವು. ಒಂದೇ ಶಬ್ದದ ಸಾಲಿಗೂ ಹತ್ತು ಶಬ್ದದ ಸಾಲಿಗೂ ಪೂರ್ತಿ ಅಗಲ ಸಂದರೆ ಮಾತ್ರ ಪುಟ ನಿಲ್ಲುತ್ತದೆ. ಅದೇ ಕಾರ್ಯಾಗಾರದಲ್ಲಿ ಇನ್ನೊಂದು ಪಾಠವೂ ಇತ್ತು. ಕಿರಿದಾದ ಅಂಕಣದಲ್ಲಿ ನಮ್ಮ ಕನ್ನಡದ ಉದ್ದುದ್ದ ಸಮಾಸಗಳು ಬಂದಾಗ, ಎರಡೂ ಅಂಚು ಸರಿಹೋಗಲೆಂದು ಇರುವ ಎರಡು ಶಬ್ದಗಳನ್ನು ಎಳೆದು ದೂರ ದೂರ ನಿಲ್ಲಿಸುವುದುಂಟು. ಆಗ ನಡುವೆ ಕಂದಕ ಬಿದ್ದು ಓದು ಮುಗ್ಗರಿಸುತ್ತದೆ. ಸಾಲಿಗೆ ಅಗಲ ಕೊಡುವುದು ಬೇರೆ, ಶಬ್ದಗಳನ್ನು ಎಳೆದು ಆ ಅಗಲವನ್ನು ತುಂಬಿಸುವುದು ಬೇರೆ. ಮೊದಲನೆಯದು ಪುಟವನ್ನು ಹಿಡಿದು ನಿಲ್ಲಿಸುತ್ತದೆ. ಎರಡನೆಯದು ಮಾತನ್ನು ಕೆಡಿಸುತ್ತದೆ.

ಹಾಗಾದರೆ ಎಲ್ಲರಿಗೂ ಮಿತಿಯೇ ಇಲ್ಲದ ಜಾಗವನ್ನು ಕೊಟ್ಟುಬಿಡೋಣವೇ? ಇದನ್ನೂ ಆ ಹುಡುಗನನ್ನು ಕೇಳಿದೆ. ಅವನ ಉತ್ತರ ನನಗೆ ಬಹಳ ಹಿಡಿಸಿತು. ಪಟ್ಟಿಗೆ ಅಡ್ಡಡ್ಡವಾಗಿ ಜರುಗುವ ಸೌಕರ್ಯವನ್ನು ಇಟ್ಟರೆ, ಹೊರಗಿನ ಪೆಟ್ಟಿಗೆ ಅಳತೆಯ ಸುತ್ತಿನಲ್ಲಿ "ನಿನಗೆ ಅನಂತ ಜಾಗವಿದೆ" ಎಂದು ಸಾಲಿಗೆ ಹೇಳುತ್ತದೆಯಂತೆ. ಆಗ ಉದ್ದದ ಬರಹ ಎರಡನೆಯ ಸಾಲಿಗೆ ಮಡಚಿಕೊಳ್ಳದೆ ಪರದೆಯ ಆಚೆಗೆ ಓಡಿಹೋಗುತ್ತದೆ. ಅದರ ಕೊನೆಯನ್ನು ಕಾಣಲು ನಾವು ಅದರ ಹಿಂದೆ ಓಡಬೇಕು. ಆ ಸೌಕರ್ಯವನ್ನು ತೆಗೆದು, ಇಷ್ಟೇ ಅಗಲವೆಂದು ಗೊತ್ತುಮಾಡಿದರೆ ಬರಹ ಅಚ್ಚುಕಟ್ಟಾಗಿ ಮಡಚಿಕೊಂಡು ಕಣ್ಣ ಮುಂದೆ ನಿಲ್ಲುತ್ತದೆ. ಪೂರ್ತಿ ಎಂಬ ಮಾತಿಗೆ ಅರ್ಥ ಬರುವುದು ಎಲ್ಲೆ ಇದ್ದಾಗ. ಎಲ್ಲೆಯಿಲ್ಲದ್ದನ್ನು ಸಮವಾಗಿ ಹಂಚುವುದು ಸಾಧ್ಯವಿಲ್ಲ. ಅಲ್ಲಿ ಓಡಬಲ್ಲವನದೇ ರಾಜ್ಯ.

ಇನ್ನೊಂದು ಮಾತು ಉಳಿದಿದೆ. ಸಾಲಿನ ಅಗಲ ಯಾರಿಗಾಗಿ? ಸಾಲಿನ ಒಡೆಯನಿಗಾಗಿ ಎಂದೇ ಇಲ್ಲಿಯವರೆಗೆ ಹೇಳಿದೆ. ಆದರೆ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ೧೯೫೪ರಲ್ಲಿ ಪ್ರಯೋಗಗಳಿಂದ ತೋರಿಸಿದ ಒಂದು ಸಂಗತಿಯುಂಟು: ಕೈ ಒಂದು ಗುರಿಯನ್ನು ಮುಟ್ಟಲು ಹಿಡಿಯುವ ಹೊತ್ತು ಗುರಿಯ ದೂರವನ್ನೂ ಅಗಲವನ್ನೂ ಅನುಸರಿಸಿರುತ್ತದೆ, ಗುರಿ ಅಗಲವಾದಷ್ಟೂ ಮುಟ್ಟುವುದು ಸುಲಭ. ಕಿರಿಯರ ಚುರುಕು ಕೈಗೆ ಎರಡು ಬೆರಳಗಲದ ಪಟ್ಟೆ ಸಾಕು. ಕೈ ನಡುಗುವ ಮುದುಕರಿಗೆ ಸಾಲದು. ಅಂದಮೇಲೆ ಸಾಲಿಗೆ ಕೊಟ್ಟ ಅಗಲ ಸಾಲಿನ ಆಡಂಬರವಲ್ಲ. ಅದನ್ನು ಹುಡುಕಿಕೊಂಡು ಬರುವ ಕೈಗೆ ತೆರೆದಿಟ್ಟ ಬಾಗಿಲು. ನಮ್ಮ ಊರಿನ ಪುಷ್ಕರಿಣಿಯನ್ನು ಕಂಡವರಿಗೆ ಈ ಮಾತು ಹೊಸದೆನಿಸಲಾರದು. ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುವ ಆ ಕಲ್ಲಿನ ಕೊಳದ ನಡುವೆ ವಸಂತಮಂಟಪವಿದೆ. ಮಂಟಪ ತೆಗೆದುಕೊಂಡಿರುವುದು ಸ್ವಲ್ಪವೇ ಜಾಗ. ಉಳಿದದ್ದೆಲ್ಲ ನೀರು, ನೀರಿಗೆ ಇಳಿಯುವ ಮೆಟ್ಟಿಲು. ಅಷ್ಟು ನೀರನ್ನು ಸುತ್ತಲೂ ಬಿಟ್ಟಿರುವುದರಿಂದಲೇ ಮಂಟಪ ಯಾವ ದಂಡೆಯಲ್ಲಿ ನಿಂತವನಿಗೂ ಕಾಣುತ್ತದೆ. ಪಕ್ಕದಲ್ಲೇ ಇರುವ ಕಟ್ಟಡಕ್ಕೆ ಮುಸಾಫಿರಖಾನೆ ಎಂದು ಹೆಸರು, ಮುಸಾಫಿರನೆಂದರೆ ದಾರಿಹೋಕ. ಇನ್ನೂ ಬಾರದವನಿಗಾಗಿ ಜಾಗ ತೆಗೆದಿಡಬೇಕೆಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇದೆ.

ಇದೆಲ್ಲ ಬರಿಯ ಉಪಮಾನಗಳ ಆಟವೆಂದು ತೋರಿದರೆ, ನನ್ನ ತರಗತಿಗೆ ಬನ್ನಿ. ಸೆಮಿನಾರಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ನಾವು ಹತ್ತು ನಿಮಿಷ ಇಟ್ಟಿದ್ದೇವೆ. ಮಾತು ಬಲ್ಲ ಹುಡುಗ ಹತ್ತಕ್ಕೆ ಹನ್ನೆರಡು ಮಾಡುತ್ತಾನೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, ಬರೆದುಕೊಂಡದ್ದನ್ನು ಮೂರು ನಿಮಿಷದಲ್ಲಿ ಓದಿ, "ಇಷ್ಟೇ ಸರ್" ಎನ್ನುತ್ತಾಳೆ. ಮುಗಿಸಿದವರನ್ನು ಕೂರಿಸಿ, ಉಳಿದ ಹೊತ್ತನ್ನು ಮಾತಾಡಬಲ್ಲವರಿಗೆ ಕೊಡೋಣ, ಕಾಲ ಉಳಿಯುತ್ತದೆ ಎಂಬ ಸಲಹೆಯೊಂದು ನಮ್ಮಲ್ಲಿ ಬಂದಿದೆ. ಸಲಹೆ ಮಾಡಿದವರು ಒಳ್ಳೆಯವರು. ಪಾಠಗಳು ಮುಗಿಯದೆ ಉಳಿದಿರುವುದೂ ನಿಜ. ಆದರೂ ನಾನು ಅದನ್ನು ಒಪ್ಪಲಾರೆ. ಆ ಏಳು ನಿಮಿಷ ಅವಳದು. ಅವಳು ಅದನ್ನು ತುಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಶಬ್ದಗಳನ್ನು ಎಳೆದು ಸಾಲು ತುಂಬಿಸುವ ಕೆಲಸ ನನಗೆ ಬೇಡ. ಆದರೆ ಅವಳ ಎಲೆಯನ್ನು ಅವಳ ಮುಂದಿನಿಂದ ಎತ್ತಿ ಪಕ್ಕದವನ ಎಲೆಗೆ ಸೇರಿಸುವುದೂ ನನ್ನ ಕೈಯಲ್ಲಾಗದು. ಸ್ವಲ್ಪ ಹೊತ್ತು ಕಾಯುತ್ತೇನೆ. ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ತರಗತಿಯಲ್ಲಿ ಯಾರಾದರೂ ಅವಳನ್ನು ಕೇಳುವುದಿದ್ದರೆ ಕೇಳಲಿ ಎನ್ನುತ್ತೇನೆ. ಒಮ್ಮೊಮ್ಮೆ ಆರನೆಯ ನಿಮಿಷಕ್ಕೆ ಒಂದು ಮಾತು ಹೊರಡುತ್ತದೆ. ಅದು ಹಾಳೆಯಲ್ಲಿ ಬರೆದುಕೊಂಡು ಬಂದದ್ದಲ್ಲ, ಅವಳದೇ ಮಾತು. ಎಷ್ಟೋ ಸಲ ಏನೂ ಹೊರಡುವುದಿಲ್ಲ. ಹೊರಡದ ದಿನವೂ ಆ ಹೊತ್ತು ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ. ಆ ಮೌನ ಸೀಸದ ಬೋಳು ತುಂಡಿನಂಥದು. ಕಾಗದದ ಮೇಲೆ ಮೂಡದಿದ್ದರೂ ಪುಟವನ್ನು ಹಿಡಿದಿರುತ್ತದೆ. ಇಲ್ಲಿ ತನಗೂ ಬೇರೆಯವರಷ್ಟೇ ಅಗಲವಿದೆ ಎಂಬುದು ಅವಳಿಗೆ ತಿಳಿಯುತ್ತದೆ. ಅದು ಉಳಿದವರಿಗೂ ತಿಳಿಯುತ್ತದೆ.

ಬೇಕಾದಷ್ಟೇ ತೆಗೆದುಕೊಳ್ಳಬೇಕೆಂಬ ನೀತಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದನ್ನು ತೆಗೆದುಕೊಳ್ಳುವವನು ತನಗೆ ತಾನೇ ಹೇಳಿಕೊಳ್ಳಬೇಕು. ಕೊಡುವವನು ಅದನ್ನು ಇನ್ನೊಬ್ಬನಿಗೆ ಹೇಳಹೊರಟರೆ ನೀತಿ ಜಿಪುಣತನವಾಗುತ್ತದೆ. ಮನೆಯಲ್ಲಿ, ಶಾಲೆಯಲ್ಲಿ, ಸಭೆಯಲ್ಲಿ ನಾವೆಲ್ಲರೂ ಒಂದಲ್ಲ ಒಂದು ಪಟ್ಟಿಯನ್ನು ಮಾಡುವವರೇ. ಯಾರದೋ ಸಾಲಿನ ಅಗಲ ನಮ್ಮ ಕೈಯಲ್ಲಿರುತ್ತದೆ. ಕೇಳಿದಷ್ಟೇ ಕೊಡುವುದು ನಮ್ಮ ಕೈಗೂ ರೂಢಿ. ಏನೂ ಹೇಳದಿದ್ದರೆ ಅದು ತಾನಾಗಿಯೇ ನಡೆದುಹೋಗುತ್ತದೆ. ಪೂರ್ತಿ ಎಲೆ ಬೀಳಬೇಕಾದರೆ ಯಾರಾದರೂ ಒಬ್ಬರು ನೆನಪಿಟ್ಟುಕೊಂಡು ಆ ಒಂದು ಮಾತನ್ನು ಹೇಳಲೇಬೇಕು.